ಚಿತ್ರ ಬಿಡಿಸಿ ಅಕ್ಷರ ಕಲಿಸುವುದು: ಯುಕೆಜಿ ಮಕ್ಕಳಿಗೆ ನೀವು ಹೇಗೆ ಮಾಡುತ್ತೀರಿ?

ಪಾಟಿಬಳಪ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಒಂದು ಚಿಕ್ಕ ಕನ್ನಡ ಮಾಧ್ಯಮದ ಶಾಲೆಯಲ್ಲಿ ಯುಕೆಜಿ ನೋಡಿಕೊಳ್ಳುತ್ತೇನೆ. ನಮ್ಮ ತರಗತಿಯ ಗೋಡೆಯ ಮೇಲೆ ದೊಡ್ಡದೊಂದು ಅಕ್ಷರಪಟ ಇದೆ. "ಆ" ಅಕ್ಷರದ ಪಕ್ಕದಲ್ಲಿ ಆನೆ, "ಇ" ಪಕ್ಕದಲ್ಲಿ ಇಲಿ, "ಊ" ಪಕ್ಕದಲ್ಲಿ ಊಟದ ತಾಟು. ಪಟ ನೋಡುತ್ತ ಮಕ್ಕಳು ಗಡಗಡ ಹೇಳುತ್ತಾರೆ. ಚಿತ್ರಕ್ಕೆ ಕೈ ಅಡ್ಡ ಹಿಡಿದು ಬರೀ ಅಕ್ಷರ ತೋರಿಸಿದರೆ ಅರ್ಧಕ್ಕರ್ಧ ಮಕ್ಕಳು ನನ್ನ ಮುಖ ನೋಡುತ್ತಾರೆ. ಒಬ್ಬನಂತೂ ನನ್ನ ಕೈಯನ್ನೇ ಸರಿಸಿ, ಆನೆಯನ್ನು ಇಣುಕಿ ನೋಡಿ, "ಆ" ಎಂದು ಗೆದ್ದವನಂತೆ ನಕ್ಕ.

ದೀಪಾವಳಿ ರಜೆಯ ಬಳಿಕ ಪಟ ತೆಗೆದಿಟ್ಟು, ಮಕ್ಕಳ ಕೈಗೇ ಕಾಗದ ಮತ್ತು ಮೇಣದ ಬಣ್ಣ ಕೊಟ್ಟೆ. ಅಕ್ಷರವನ್ನು ದೊಡ್ಡದಾಗಿ ಬರೆದು, ಅದನ್ನು ಏನಾದರೂ ಮಾಡಿ ಎಂದೆ. ತರಗತಿಯಲ್ಲಿ ಗದ್ದಲ ಹೆಚ್ಚಾಯಿತು, ಆದರೆ ಅಕ್ಷರ ನಿಲ್ಲುತ್ತಿದೆ ಎಂದು ನನಗೆ ಅನ್ನಿಸುತ್ತಿದೆ. ಈಗ ತೊಡಕು ಬಂದಿರುವುದು ಪಾಲಕರಿಂದ. "ಬರೆದ ಪುಟ ಎಲ್ಲಿವೆ? ಶಾಲೆಗೆ ಕಳಿಸುವುದು ಚಿತ್ರ ಬಿಡಿಸುವುದಕ್ಕೋ?" ಎಂದು ಸಭೆಯಲ್ಲಿ ನೇರವಾಗಿಯೇ ಕೇಳಿದರು.

ಚಿತ್ರಕಲೆಯಿಂದ ಅಕ್ಷರ ಕಲಿಸಿದವರು ಯಾರಾದರೂ ಇದ್ದೀರಾ? ಯಾವ ಅಕ್ಷರದಿಂದ ಶುರು ಮಾಡಬೇಕು? ಯಾವ ಅಕ್ಷರಕ್ಕೆ ಯಾವ ಚಿತ್ರ ಹೊಂದುತ್ತದೆ?

ಕೇಶ್ವಾಪುರದ ಅಪ್ಪ

ಟೀಚರ್, ಬೇಸರ ಮಾಡಿಕೊಳ್ಳಬೇಡಿ, ನಾನು ಆ ಪಾಲಕರ ಪರ. ನಾವೆಲ್ಲ ಪಾಟಿಯ ಮೇಲೆ ಮಾಸ್ತರರು ಬರೆದುಕೊಟ್ಟ ಅಕ್ಷರವನ್ನು ತಿದ್ದಿಯೇ ಕಲಿತವರು. ತಿದ್ದಿ ತಿದ್ದಿ ಅಕ್ಷರ ಬಳಪಕ್ಕಿಂತ ದಪ್ಪವಾಗುತ್ತಿತ್ತು. ನಮಗೇನು ಓದಲು ಬರುವುದಿಲ್ಲವೇ? ಮಗುವಿಗೆ ಶಾಲೆಯಲ್ಲಿ ಇರುವ ಹೊತ್ತೇ ಕಡಿಮೆ. ಅದರಲ್ಲಿ ಅರ್ಧ ಬಣ್ಣ ಹಚ್ಚುವುದಕ್ಕೆ ಹೋದರೆ ಒಂದನೆಯ ತರಗತಿಯಲ್ಲಿ ಯಾರು ಹೊಣೆ?

ರೊಟ್ಟಿ ಪಲ್ಯ

ಯಾವ ಚಿತ್ರ ಹೊಂದುತ್ತದೆ ಎಂದು ಕೇಳಿದ್ದೀರಿ. ರ ಎಂದರೆ ರೊಟ್ಟಿ. ದುಂಡಗೆ ಇದೆ, ಮೇಲೆ ತಲೆಕಟ್ಟು ಹಬೆ. ಮುಗಿಯಿತು ಪಾಠ.

ಬ್ಯಾಡಗಿ ಖಾರ

ರೊಟ್ಟಿಯಲ್ಲಿ ಮೊದಲು ಕೇಳಿಸುವುದು ರೊ, ರ ಅಲ್ಲ. ಐದು ವರ್ಷದ ಮಗುವಿಗೆ ರ ತೋರಿಸಿ ರೊ ಎನ್ನಿಸಿದರೆ ಕಾಗುಣಿತ ಬರುವ ಮೊದಲೇ ಕಾಗುಣಿತ ಕೆಡುತ್ತದೆ.

ರೊಟ್ಟಿ ಪಲ್ಯ

ಸರಿ ಖಾರದವರೇ, ಹಾಗಾದರೆ ರಥದ ಗಾಲಿ. ಸಿದ್ಧಾರೂಢರ ತೇರು ನೋಡದ ಮಗು ಹುಬ್ಬಳ್ಳಿಯಲ್ಲಿ ಇಲ್ಲ. ರೊಟ್ಟಿ ಮಾತ್ರ ಬಿಡುವುದಿಲ್ಲ, ಮಧ್ಯಾಹ್ನ ಡಬ್ಬಿಯಲ್ಲಿ ಇರಲಿ.

ಗದಗಿನ ಡ್ರಾಯಿಂಗ್ ಮಾಸ್ತರ

ತಂಗಿ, ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ದೊಡ್ಡ ಮಕ್ಕಳಿಗೆ ಕಲಿಸಿದ್ದರೂ ಈಗ ಮೊಮ್ಮಕ್ಕಳ ದೆಸೆಯಿಂದ ಚಿಕ್ಕವರ ಗೀಚಾಟವನ್ನು ದಿನವೂ ನೋಡುತ್ತೇನೆ.

ಮೊದಲು ಕೈಗೆ ಏನು ಸಾಧ್ಯ ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ನೋಡಿಕೊಂಡು ವೃತ್ತ ಎಳೆಯುತ್ತದೆ. ನಾಲ್ಕರ ಸುಮಾರಿಗೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆಗಳನ್ನು ಅಡ್ಡ ಹಾಯಿಸುತ್ತದೆ. ಚೌಕ ಬರುವುದು ನಾಲ್ಕು ದಾಟಿದ ಮೇಲೆ, ತ್ರಿಕೋನ ಐದರ ಆಸುಪಾಸು. ಓರೆ ಗೆರೆಗಳೇ ತುಂಬಿದ ವಜ್ರಾಕೃತಿಗೆ ಆರೇಳು ವರ್ಷ ಆಗಬೇಕು. ಇಂಗ್ಲಿಷಿನ ದೊಡ್ಡಕ್ಷರಗಳ ಓರೆ ಗೆರೆಗಳಿಗೆ ಹೋಲಿಸಿದರೆ ನಮ್ಮ ಲಿಪಿ ದುಂಡಗಿದೆ, ಈ ಲೆಕ್ಕದಲ್ಲಿ ಮಗುವಿಗೆ ಹತ್ತಿರ. ತಾಳೆಗರಿಯ ಮೇಲೆ ಚೂಪು ಮೊನೆಯ ಕಂಟದಿಂದ ನೇರ ಗೆರೆ ಕೊರೆದರೆ ಗರಿ ಸೀಳುತ್ತದೆ, ಆದ್ದರಿಂದ ಅಕ್ಷರಗಳು ದುಂಡಗಾದವು ಎಂದು ಹೇಳುವುದು ವಾಡಿಕೆ. ಕಾರಣ ಏನೇ ಇರಲಿ, ಲಾಭ ಮಕ್ಕಳಿಗೆ.

ಆದರೆ ಒಂದೇ ವೃತ್ತ ಎಳೆಯುವುದಕ್ಕೂ ದಿಕ್ಕು ಬದಲಿಸಿ ಬದಲಿಸಿ ಸುತ್ತುವುದಕ್ಕೂ ಅಂತರವಿದೆ. ಇ, ಜ, ಣ ಇವುಗಳಲ್ಲಿ ಕೈ ಒಳಗೆ ಹೋಗಿ ಹೊರಗೆ ಬರಬೇಕು. ಆದ್ದರಿಂದ ಅಕ್ಷರಕ್ಕೆ ಮೊದಲು ಸುರುಳಿ, ಅಲೆ, ಕಮಾನು, ಕೊಕ್ಕೆ ಇವನ್ನು ಬಿಡಿಸಲಿ. ದೊಡ್ಡ ಹಾಳೆಯಲ್ಲಿ, ನಿಂತುಕೊಂಡು, ಭುಜದಿಂದ ಕೈ ಆಡಿಸಿ. ಕೂತು ನಾಲ್ಕು ಗೆರೆಯ ಪುಸ್ತಕದಲ್ಲಿ ಬೆರಳು ಬಿಗಿ ಹಿಡಿದು ಬರೆಯುವುದು ಆಮೇಲಿನ ಮಾತು.

ಕೇಶ್ವಾಪುರದವರು ತಿದ್ದಿ ಕಲಿತೆವು ಎಂದರು. ನಿಜ. ಜೊತೆಗೆ ಅಂಗಳದ ಮಣ್ಣಿನಲ್ಲಿ ದಿನವಿಡೀ ಕಡ್ಡಿಯಿಂದ ಗೀಚಿದ್ದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಬೆಟಗೇರಿ ಓದುಗ

ಪಾಟಿಬಳಪ ಅವರು ಕೈ ಅಡ್ಡ ಹಿಡಿದು ಕಂಡುಕೊಂಡದ್ದನ್ನು ಸಂಶೋಧಕರು ಬೇರೆ ದಾರಿಯಿಂದ ಪರೀಕ್ಷಿಸಿದ್ದಾರೆ. 1984ರಲ್ಲಿ ಲಿನ್ನಿಯಾ ಎರಿ ಮತ್ತು ಜೊತೆಗಾರರು ಓದಲು ಬಾರದ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಎರಡು ಬಗೆಯ ಚಿತ್ರಗಳೊಂದಿಗೆ ಕಲಿಸಿ ನೋಡಿದರು. ಒಂದರಲ್ಲಿ ಅಕ್ಷರದ ಆಕಾರವೇ ಚಿತ್ರದ ಆಕಾರ. ಇನ್ನೊಂದರಲ್ಲಿ ಅದೇ ಧ್ವನಿಯಿಂದ ಶುರುವಾಗುವ ವಸ್ತುವಿನ ಚಿತ್ರ, ಆದರೆ ಅಕ್ಷರದ ಆಕಾರಕ್ಕೆ ಸಂಬಂಧವಿಲ್ಲ. ಆಕಾರ ಬೆಸೆದುಕೊಂಡ ಚಿತ್ರದಿಂದ ಕಲಿತವರು ಮುಂದಿದ್ದರು. ಸಂಬಂಧವಿಲ್ಲದ ಚಿತ್ರ ಕೊಟ್ಟ ಗುಂಪಿಗೆ, ಚಿತ್ರವೇ ಇಲ್ಲದವರಿಗಿಂತ ಹೆಚ್ಚಿನ ಪ್ರಯೋಜನ ಆಗಲಿಲ್ಲ.

ನಮ್ಮ ಅಕ್ಷರಪಟಗಳೆಲ್ಲ ಎರಡನೆಯ ಬಗೆಯವು. ಆನೆಗೂ ಆ ಎಂಬ ಗೆರೆಗೂ ಕಣ್ಣಿಗೆ ಕಾಣುವ ನಂಟಿಲ್ಲ. ಮಗು ಆನೆಯನ್ನು ಓದುತ್ತಿದೆ, ಅಕ್ಷರವನ್ನಲ್ಲ.

ಪಾಟಿಬಳಪ, ಧಾರವಾಡ

ಇದು ನನಗೆ ಬೇಕಾಗಿದ್ದ ಮಾತು. ಹಾಗಾದರೆ ಆಕಾರ ಮತ್ತು ಧ್ವನಿ ಎರಡೂ ಕೂಡುವ ಕನ್ನಡ ಅಕ್ಷರಗಳು ಯಾವುವು? ನಮ್ಮ ತರಗತಿಯಲ್ಲಿ ತಾನಾಗಿ ಬಂದದ್ದು ಒಂದಿದೆ. ಒಬ್ಬಳು ಗ ಬರೆದು, ಒಳಗೆ ನಾಲಿಗೆ ಇಳಿಬಿಟ್ಟು ಗಂಟೆ ಮಾಡಿದಳು. ತಲೆಕಟ್ಟು ನೇತುಹಾಕುವ ಕೊಕ್ಕೆ ಆಯಿತು. ಮರುದಿನ ಎಲ್ಲರೂ ಗಂಟೆಯೇ.

ಚುಕ್ಕಿ ರಂಗೋಲಿ, ಮಾಳಮಡ್ಡಿ

ಗ ಎಂದರೆ ಗವಿಯೂ ಆಗುತ್ತದೆ. ಒಳಗೆ ಹುಲಿ ಕೂರಿಸಬಹುದು. ನನ್ನ ಮಗ ಇ ಅಕ್ಷರದ ಸುರುಳಿಗೆ ಮೀಸೆ, ಬಾಲ ಹಚ್ಚಿ ಇಲಿ ಮಾಡುತ್ತಾನೆ. ಬ ಬಟ್ಟಲು. ಹ ಅಕ್ಷರಕ್ಕೆ ಕೊಕ್ಕು, ಕಣ್ಣು ಇಟ್ಟರೆ ಹಕ್ಕಿ. ಠ ನೋಡಿ, ದುಂಡಗಿನ ನಡುವೆ ಚುಕ್ಕೆ, ಕಚೇರಿಯ ಠಸೆ!

ಬ್ಯಾಡಗಿ ಖಾರ

ಯುಕೆಜಿ ಮಗುವಿಗೆ ಠ ಯಾಕೆ ಬೇಕು? ಠಸೆ ಒತ್ತುವ ವಯಸ್ಸಿಗೆ ಕಲಿಯಲಿ.

ಬೆಟಗೇರಿ ಓದುಗ

ಒಂದು ಎಚ್ಚರಿಕೆ. ಎಲ್ಲ ಅಕ್ಷರಕ್ಕೂ ಚಿತ್ರ ಹುಡುಕಲು ಹೋದರೆ ಎಳೆದಾಟ ಆಗುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರ: ಸ್ವರ 13, ಯೋಗವಾಹ 2, ವ್ಯಂಜನ 34. ಇದರಲ್ಲಿ ಆಕಾರ, ಧ್ವನಿ ಎರಡೂ ಸಹಜವಾಗಿ ಕೂಡುವುದು ಕೆಲವು ಮಾತ್ರ. ಉಳಿದವಕ್ಕೆ ಅಕ್ಷರದಿಂದ ಅಕ್ಷರಕ್ಕೆ ನಂಟು ಕಟ್ಟಬೇಕು. ವ ಬರೆದು ಬಾಲ ಎಳೆದರೆ ಮ. ಪ ಬರೆದು ಹೊಟ್ಟೆಯಲ್ಲಿ ಗೆರೆ ಎಳೆದರೆ ಷ. ಉ ಬರೆದು ಬಾಲ ಬೆಳೆಸಿದರೆ ಊ. ಇದೂ ಚಿತ್ರ ಬಿಡಿಸುವ ಕೆಲಸವೇ.

ರೊಟ್ಟಿ ಪಲ್ಯ

ನಮ್ಮ ಮಾಸ್ತರರು "ಹೊಟ್ಟೆ ಸೀಳಿದ ಷ" ಎಂದು ಹೇಳುವಾಗ ಪಾಟಿಯ ಮೇಲೆ ಬಳಪದಿಂದ ನಿಜಕ್ಕೂ ಸೀಳಿದಂತೆ ಗೆರೆ ಎಳೆಯುತ್ತಿದ್ದರು. ಇಂದಿಗೂ ಷ ಬರೆಯುವಾಗ ನನ್ನ ಹೊಟ್ಟೆ ಹಿಡಿದುಕೊಳ್ಳುತ್ತೇನೆ.

ನಲಿಕಲಿ ಗುರು, ಹಾನಗಲ್ಲ

ಯಾವ ಅಕ್ಷರದಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಸರಕಾರಿ ಶಾಲೆಗಳಲ್ಲಿ ಉತ್ತರ ಸಿಕ್ಕು ಬಹಳ ವರ್ಷಗಳಾದವು. ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಋಷಿ ಕಣಿವೆಯ (ರಿಷಿ ವ್ಯಾಲಿ) ಶಾಲೆಗಳನ್ನು ನೋಡಿ ಬಂದು ಇದನ್ನು ಕಟ್ಟಿದರು. 2009–10ರಿಂದ ರಾಜ್ಯದ ಕನ್ನಡ ಶಾಲೆಗಳಲ್ಲಿ ಕೆಳ ತರಗತಿಗಳಿಗೆ ಬಂತು.

ಅದರಲ್ಲಿ ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ಮೊದಲ ಗುಂಪು ರ ಗ ಸ ದ ಅ. ಮುಂದಿನದು ಜ ವ ಮ ಬ ನ. ಬರೆಯಲು ಸುಲಭ, ಆಕಾರದಲ್ಲಿ ಹತ್ತಿರ, ಬೇಗ ಪದ ಕಟ್ಟಬಹುದು. ಮೊದಲ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಗರಗಸ ಓದುತ್ತದೆ. ಮಕ್ಕಳಿಗೆ ಇನ್ನೂ ಇಷ್ಟವಾಗುವುದು ಗರಗರ, ಸರಸರ, ದರದರ. ಗರಗರ ಎಂದು ಬರೆದು ಬುಗುರಿ ಬಿಡಿಸುತ್ತಾರೆ, ಸರಸರ ಎಂದು ಬರೆದು ಹಾವು. ಈ ಹಂತದಲ್ಲಿ ಚಿತ್ರ ಅಕ್ಷರಕ್ಕಲ್ಲ, ಓದಿದ ಪದಕ್ಕೆ. ಓದಿದ್ದು ಅರ್ಥವಾಯಿತೋ ಇಲ್ಲವೋ ಎಂದು ನಾನು ಕೇಳುವುದೇ ಇಲ್ಲ, ಚಿತ್ರದಲ್ಲೇ ಕಾಣುತ್ತದೆ.

ಕೇಶ್ವಾಪುರದ ಅಪ್ಪ

ಗುರುಗಳೇ, ನನ್ನ ಮಗಳ ಶಾಲೆಯಲ್ಲಿ ಮೊದಲಿನಿಂದ ಅ ಆ ಇ ಈ ಕ್ರಮವೇ. ಅಜ್ಜಿ ಮನೆಯಲ್ಲಿ ಅದನ್ನೇ ಹೇಳಿಸುತ್ತಾರೆ. ರಗಸದ ಎಂದರೆ ಅಜ್ಜಿ ಹೆದರುತ್ತಾರೆ. ನಿಘಂಟು ನೋಡಲು ಮುಂದೆ ಕ್ರಮ ಬೇಡವೇ?

ನಲಿಕಲಿ ಗುರು, ಹಾನಗಲ್ಲ

ಬೇಕು. ಬಾಯಿಪಾಠಕ್ಕೆ ಅಜ್ಜಿಯ ಕ್ರಮ ಇರಲಿ. ಅದು ಉಚ್ಚಾರದ ಸ್ಥಾನ ನೋಡಿ ಕಟ್ಟಿದ ಕ್ರಮ, ಹಾಡಿದರೆ ಚೆಂದ. ಕೈಗೆ ಮಾತ್ರ ಆಕಾರದ ಕ್ರಮ. ಸ್ವರಗಳನ್ನೆಲ್ಲ ಬರೆಯುವುದು ಸುಲಭ ಎಂದು ನಾವು ತಿಳಿದಿರುವುದು ಅವು ಮೊದಲು ಬರುತ್ತವೆ ಎಂಬ ಒಂದೇ ಕಾರಣಕ್ಕೆ. ಈ, ಋ, ಔ ಮೊದಲ ತಿಂಗಳಲ್ಲೇ ಬರೆಯಿಸುವುದನ್ನು ನೋಡಿದರೆ ನನಗೆ ಮಕ್ಕಳ ಬೆರಳಿನ ಮೇಲೆ ಕನಿಕರ ಬರುತ್ತದೆ.

ಅಂಗನವಾಡಿ ಅಕ್ಕ, ಕುಂದಗೋಳ

ಇಲ್ಲಿ ಎಲ್ಲರೂ ಕಾಗದ, ಮೇಣದ ಬಣ್ಣ ಎನ್ನುತ್ತಿದ್ದೀರಿ. ನಮ್ಮಲ್ಲಿ ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಅಂಗನವಾಡಿ ಪಠ್ಯಕ್ರಮವಾದ ಚಿಲಿಪಿಲಿಯ ಚಟುವಟಿಕೆ ಮಾಡಿಸಬೇಕು, ತೂಕ ನೋಡಬೇಕು, ಆಹಾರ ನೋಡಬೇಕು, ಮೊಬೈಲ್‌ನಲ್ಲಿ ಎಲ್ಲವನ್ನೂ ತುಂಬಬೇಕು. ಹಾಳೆ ಮುಗಿದರೆ ಮುಗಿಯಿತು.

ಆದ್ದರಿಂದ ನಾನು ನೆಲವನ್ನೇ ಹಿಡಿದಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಕೇಂದ್ರಕ್ಕೆ ಹೊಸ ಮಕ್ಕಳು ಬಂದ ಹೊಸತರಲ್ಲಿ. ಆಗ ಎಲ್ಲರ ಮನೆಯಲ್ಲೂ ಎರೆಮಣ್ಣು ಕಲಸಿರುತ್ತಾರೆ. ಎತ್ತು ಮಾಡಿ ಉಳಿದ ಮಣ್ಣನ್ನು ತರಿಸಿ ಹೊಸೆದು ಹಗ್ಗ ಮಾಡಿಸುತ್ತೇನೆ. ಹಗ್ಗ ಸುತ್ತಿದರೆ ರ, ಬಗ್ಗಿಸಿದರೆ ಗ. ಮಳೆ ಹಿಡಿದರೆ ಒಳಗೆ ತಾಟಿನಲ್ಲಿ ಮರಳು. ಖಡುವಿನಿಂದ (ಸೀಮೆಸುಣ್ಣದಿಂದ) ನೆಲದ ಮೇಲೆ ನಾನು ದೊಡ್ಡ ಅಕ್ಷರ ಬರೆದರೆ ಅದರ ಮೇಲೆ ಹುಣಸೆ ಬೀಜ ಜೋಡಿಸುತ್ತಾರೆ. ಒಂದೇ ಕಾಟ, ಚಿಕ್ಕವರು ಬೀಜ ಮೂಗಿಗೆ ಹಾಕಿಕೊಳ್ಳುತ್ತಾರೆ. ನಾಲ್ಕು ವರ್ಷದ ಒಳಗಿನವರಿಗೆ ಕೊಡಲೇಬೇಡಿ.

ಇನ್ನೊಂದು ಮಾತು. ಮೂರು ವರ್ಷದ ಮಗುವಿಗೆ ಅಕ್ಷರ ಬರೆಯಿಸಿ ಎಂದು ಒತ್ತಾಯಿಸುವ ತಾಯಂದಿರು ನಮ್ಮಲ್ಲೂ ಇದ್ದಾರೆ. ಪಕ್ಕದ ಖಾಸಗಿ ನರ್ಸರಿಯಲ್ಲಿ ಬರೆಯಿಸುತ್ತಾರಂತೆ, ಅಷ್ಟೇ ಅವರ ವಾದ.

ಪಾಟಿಬಳಪ, ಧಾರವಾಡ

ಅಕ್ಕಾವರೇ, ಮಣ್ಣಿನ ಹಗ್ಗ ನಾಳೆಯೇ ಮಾಡಿಸುತ್ತೇನೆ.

ಚುಕ್ಕಿ ರಂಗೋಲಿ, ಮಾಳಮಡ್ಡಿ

ನಮ್ಮ ಧಾರವಾಡದ ಕಸೂತಿಯನ್ನು ಯಾಕೆ ಬಳಸಬಾರದು? ಚೌಕಳಿ ಹಾಳೆಯ ಮೇಲೆ ಅಕ್ಷರವನ್ನು ಕಸೂತಿಯಂತೆ ಬಿಡಿಸಲಿ. ಊರಿನ ಕಲೆಯೂ ಉಳಿಯುತ್ತದೆ, ಅಕ್ಷರವೂ ಬರುತ್ತದೆ.

ಗದಗಿನ ಡ್ರಾಯಿಂಗ್ ಮಾಸ್ತರ

ಆಸೆ ಒಳ್ಳೆಯದು ತಾಯಿ, ಆದರೆ ಹೊಂದುವುದಿಲ್ಲ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ ಹೊಲಿಗೆಯಾಗಲಿ ಮುರ್ಗಿ ಹೊಲಿಗೆಯಾಗಲಿ, ಅಡ್ಡ, ಉದ್ದ, ಓರೆ ಗೆರೆಗಳಲ್ಲೇ ಗೋಪುರ, ಆನೆ, ನವಿಲು ಮೂಡಬೇಕು. ಅದರ ಚೆಲುವು ಮೂಲೆಗಳಲ್ಲಿದೆ. ಕನ್ನಡ ಅಕ್ಷರದ ಜೀವ ಬಾಗುವಿಕೆಯಲ್ಲಿದೆ. ಚೌಕಳಿಗೆ ಬಗ್ಗಿಸಿದ ಅಕ್ಷರ ಹಳೆಯ ಬಸ್ಸಿನ ವಿದ್ಯುತ್ ಫಲಕದ ಅಕ್ಷರ ಆಗುತ್ತದೆ. ನಿಮ್ಮ ಹೆಸರಿನಲ್ಲೇ ಉತ್ತರವಿದೆ: ಚುಕ್ಕೆಗಳ ಸುತ್ತ ಕೈ ಎತ್ತದೆ ಸುತ್ತಿಕೊಂಡು ಹೋಗುವ ಎಳೆ ರಂಗೋಲಿ. ನಾಲ್ಕು ಚುಕ್ಕೆ ಇಟ್ಟು ಅದನ್ನು ಸುತ್ತಲು ಕಲಿತ ಕೈಗೆ ಇ, ಣ ಕಷ್ಟವಲ್ಲ.

ಚುಕ್ಕಿ ರಂಗೋಲಿ, ಮಾಳಮಡ್ಡಿ

ಮಾಸ್ತರರೇ, ಕಸೂತಿ ಹಾಕುವ ನಮ್ಮ ಅತ್ತೆ ಇದನ್ನು ಕೇಳಿ ನಿಮ್ಮನ್ನು ಊಟಕ್ಕೆ ಕರೆಯುವುದಿಲ್ಲ ಎಂದಿದ್ದಾರೆ. ರಂಗೋಲಿಯ ಮಾತನ್ನು ಮಾತ್ರ ಒಪ್ಪುತ್ತೇನೆ.

ಹಳೇ ಹುಬ್ಬಳ್ಳಿ ಅಮ್ಮಿ

ನಮ್ಮ ಮನೆಯ ಮಾತು ಉರ್ದು. ಮಗನನ್ನು ಕನ್ನಡ ಶಾಲೆಗೆ ಹಾಕಿದ್ದೇವೆ. ಅವನಿಗೆ ಪಟದ ಇಲಿ ಕಂಡರೆ ಬಾಯಿಗೆ ಬರುವುದು ಚೂಹಾ, ಆನೆ ಕಂಡರೆ ಹಾಥಿ. ಚಿತ್ರ ನೋಡಿ ಅಕ್ಷರ ನೆನಪಿಸಿಕೊ ಎಂದರೆ ಅವನು ಎರಡು ಸಲ ನೆನಪಿಸಿಕೊಳ್ಳಬೇಕು. ನಮ್ಮ ಓಣಿಯಲ್ಲಿ ಮರಾಠಿ, ಲಂಬಾಣಿ ಮಾತನಾಡುವ ಮಕ್ಕಳಿಗೂ ಇದೇ ಕಥೆ. ಚಿತ್ರ ಇದ್ದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಬರೆಯುವವರು ಇದನ್ನು ನೋಡಬೇಕು.

ಪಾಟಿಬಳಪ, ಧಾರವಾಡ

ನನ್ನ ತರಗತಿಯಲ್ಲೂ ಹೀಗೆ ಇದ್ದಾರೆ. ಹೀಗಾಗಿ ಚಿತ್ರಕ್ಕೆ ಮೊದಲು ವಸ್ತುವನ್ನೇ ಕೈಗೆ ಕೊಡುತ್ತೇನೆ. ಗಂಟೆ ಬಾರಿಸಿ, ಗಂಟೆ ಎಂದು ಹತ್ತು ಸಲ ಕೂಗಿಸಿ, ಆಮೇಲೆ ಗ ಬರೆದು ಗಂಟೆ. ಅಮ್ಮಿ ಅವರೇ, ನಿಮ್ಮ ಮಗನಿಗೆ ಅವನ ಹೆಸರಿನ ಮೊದಲ ಅಕ್ಷರ, ನಿಮ್ಮ ಹೆಸರಿನ ಮೊದಲ ಅಕ್ಷರ ಇವುಗಳಿಂದ ಶುರು ಮಾಡಿಸಿ ನೋಡಿ. ಹೆಸರು ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ.

ಬ್ಯಾಡಗಿ ಖಾರ

ಕನ್ನಡ ಮನೆಯ ಮಕ್ಕಳಿಗೇ ಪಟದ ಅರ್ಧ ಚಿತ್ರ ಗೊತ್ತಿಲ್ಲ. ಅ ಅಗಸ. ಈ ಈಚಲು ಮರ. ಉ ಉಡ. ಋ ಋಷಿ, ಗಡ್ಡ ಇದ್ದವರೆಲ್ಲ ಋಷಿಗಳು. ಉಡ ಕಂಡ ಮಗು ಹಲ್ಲಿ ಎನ್ನುತ್ತದೆ, ಹ ಎಂದು ಬರೆಯುತ್ತದೆ. ಪಟ ಮಾಡಿದವರ ಅಜ್ಜನ ಕಾಲದ ಚಿತ್ರಗಳು ಇವು. ಮೇಲಾಗಿ ಅಗಸ ಎಂದು ಬಟ್ಟೆ ಒಗೆಯುವವನನ್ನು ತೋರಿಸಿ ಒಂದು ಸಮುದಾಯವನ್ನು ಒಂದು ಅಕ್ಷರಕ್ಕೆ ಕಟ್ಟಿಹಾಕುವುದು ಯಾವ ನ್ಯಾಯ?

ರೊಟ್ಟಿ ಪಲ್ಯ

ಹಾಗಾದರೆ ಅ ಅಂಗಡಿ?

ಬ್ಯಾಡಗಿ ಖಾರ

ಅಂಗಡಿ ಅಂ. ಮತ್ತೆ ರೊಟ್ಟಿಯದೇ ಕಥೆ. ಅ ಅಳಿಲು ಇದೆ, ಅವಲಕ್ಕಿ ಇದೆ.

ಬೆಟಗೇರಿ ಓದುಗ

ನಮ್ಮ ಗದಗ ಮುದ್ರಣಕ್ಕೆ ಹೆಸರಾದ ಊರು. ಅಂಕಲಿಪಿ ಕೊಂಡು ಸಾಲಿಗೆ ಹೋಗದವರು ಈ ಭಾಗದಲ್ಲಿ ಕಡಿಮೆ. ಆ ಪುಟ್ಟ ಪುಸ್ತಕದಲ್ಲಿ ಅಕ್ಷರ, ಮಗ್ಗಿ, ವಾರ, ತಿಂಗಳು ಎಲ್ಲವೂ ಇರುತ್ತಿದ್ದವು. ಚಿತ್ರಗಳು ಹಳೆಯ ಅಚ್ಚಿನವು, ಆನೆ ಯಾವುದು ಆಡು ಯಾವುದು ತಿಳಿಯುತ್ತಿರಲಿಲ್ಲ. ಆದರೂ ಅಗ್ಗ, ಎಲ್ಲರ ಕೈಗೂ ಸಿಗುತ್ತಿತ್ತು. ಅದನ್ನು ಬರೀ ಹಳಿಯುವುದು ಬೇಡ.

ಗದಗಿನ ಡ್ರಾಯಿಂಗ್ ಮಾಸ್ತರ

ಅದನ್ನೇ ನಾನೂ ಹೇಳಬೇಕೆಂದಿದ್ದೆ. ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ ಗದಗದಲ್ಲಿ, ಡಿ.ವಿ. ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆ ಧಾರವಾಡದಲ್ಲಿ. ಈ ಎರಡೂ ಊರಿನಿಂದ ಎಷ್ಟು ಡ್ರಾಯಿಂಗ್ ಮಾಸ್ತರರು ಹೊರಬಂದರು! ಅವರೆಲ್ಲ ಪ್ರೌಢಶಾಲೆಗೆ ಹೋದರು. ಚಿತ್ರಕಲೆ ನಿಜಕ್ಕೂ ಬೇಕಾದ ಐದು ವರ್ಷದ ಮಕ್ಕಳ ಹತ್ತಿರ ಯಾರೂ ಬರಲಿಲ್ಲ.

ನಿರ್ವಾಹಕ

ಊರಿನ ಅಭಿಮಾನ ಸಾಕು, ಅಕ್ಷರಕ್ಕೆ ಮರಳೋಣ.

ಎಡಗೈ, ಸವಣೂರು

ನನ್ನ ಮಗಳು ಎಡಗೈಯವಳು. ಗ ಬರೆಯುವಾಗ ತಲೆಕಟ್ಟನ್ನು ತಿರುಗಾ ಮುರುಗಾ ಹಾಕುತ್ತಾಳೆ. ಕನ್ನಡಿಯಲ್ಲಿ ಹಿಡಿದರೆ ಸರಿಯಾಗಿ ಕಾಣುತ್ತದೆ. ಅವಳ ಶಾಲೆಯಲ್ಲಿ ಕೈ ಬದಲಿಸಲು ಹೇಳಿದ್ದಾರೆ. ಚಿತ್ರ ಬಿಡಿಸುವಾಗ ಮಾತ್ರ ಯಾರೂ ಏನೂ ಹೇಳುವುದಿಲ್ಲ, ಅಲ್ಲಿ ಆರಾಮವಾಗಿದ್ದಾಳೆ.

ಪಾಟಿಬಳಪ, ಧಾರವಾಡ

ಕೈ ಬದಲಿಸಬೇಡಿ. ಕನ್ನಡಿ ಬರಹ ಬಲಗೈ ಮಕ್ಕಳಲ್ಲೂ ಈ ವಯಸ್ಸಿನಲ್ಲಿ ಸಾಮಾನ್ಯ, ಏಳು ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಮಗುವಿನ ಮಟ್ಟಿಗೆ ಬಟ್ಟಲನ್ನು ಎತ್ತ ತಿರುಗಿಸಿದರೂ ಬಟ್ಟಲೇ. ಅಕ್ಷರಕ್ಕೆ ಮಾತ್ರ ಈ ಹೊಸ ನಿಯಮ ಯಾಕೆ ಎಂದು ಅದಕ್ಕೆ ತಿಳಿಯಬೇಕು. ನಾನು ಹಾಳೆಯ ಎಡಬದಿಗೆ ಒಂದು ಸೂರ್ಯನನ್ನು ಬಿಡಿಸಿಕೊಡುತ್ತೇನೆ. ಬರಹ ಸೂರ್ಯನ ಕಡೆಯಿಂದ ಶುರು. ಎಡಗೈಯವರಿಗೆ ಹಾಳೆಯನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿ ಇಡಿ, ತಾನು ಬರೆದದ್ದನ್ನು ತನ್ನ ಕೈಯೇ ಮುಚ್ಚುವುದಿಲ್ಲ.

ಕೇಶ್ವಾಪುರದ ಅಪ್ಪ

ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ತಿದ್ದುವುದರಲ್ಲಿ ತಪ್ಪೇನು? ಮಗಳ ಪುಸ್ತಕದಲ್ಲಿ ಚುಕ್ಕೆಯಿಂದ ಬರೆದ ಅಕ್ಷರ ಇರುತ್ತವೆ, ಅದರ ಮೇಲೆ ಎಳೆಯುತ್ತಾಳೆ. ಅಂದವಾಗಿ ಬರುತ್ತದೆ.

ಬೆಟಗೇರಿ ಓದುಗ

ಅಂದವಾಗಿ ಬರುವುದು ಚುಕ್ಕೆ ಇಟ್ಟವರ ಅಕ್ಷರ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಅವರ 2012ರ ಅಧ್ಯಯನ ಇದನ್ನೇ ನೋಡಿದೆ. ಓದಲು ಬಾರದ, ಐದು ವರ್ಷದ ಸುಮಾರಿನ ಮಕ್ಕಳು ಕೆಲವು ಅಕ್ಷರಗಳನ್ನು ತಾವೇ ಬರೆದರು, ಕೆಲವನ್ನು ಗೆರೆಯ ಮೇಲೆ ತಿದ್ದಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಆ ಅಕ್ಷರಗಳನ್ನು ತೋರಿಸಿ ಮೆದುಳಿನ ಚಿತ್ರ ತೆಗೆದಾಗ, ಓದುವಾಗ ದುಡಿಯುವ ಭಾಗಗಳು ಎದ್ದು ಕಂಡದ್ದು ಕೈಯಾರೆ ಬರೆದ ಅಕ್ಷರಗಳಿಗೆ. ತಿದ್ದಿದವಕ್ಕೂ ಒತ್ತಿದವಕ್ಕೂ ಹಾಗೆ ಆಗಲಿಲ್ಲ. ತಾನೇ ಬರೆಯುವಾಗ ಅಕ್ಷರ ಪ್ರತಿ ಸಲ ಬೇರೆ ಬೇರೆಯಾಗಿ, ಸೊಟ್ಟಗೆ ಬರುತ್ತದೆ. ಸೊಟ್ಟಗಿನ ಹತ್ತು ಗ ನೋಡಿದ ಮಗುವಿಗೆ ಗ ಎಂದರೆ ಏನು ಎಂಬುದು ತಿಳಿಯುತ್ತದೆ ಎಂದು ಅವರ ವಿವರಣೆ.

ಕೇಶ್ವಾಪುರದ ಅಪ್ಪ

ಇಂಗ್ಲಿಷ್ ಅಕ್ಷರ, ಅಮೆರಿಕದ ಮಕ್ಕಳು. ನಮ್ಮ ಓಣಿಯ ಮಕ್ಕಳಿಗೆ ಎಷ್ಟು ಅನ್ವಯ?

ಬೆಟಗೇರಿ ಓದುಗ

ನ್ಯಾಯವಾದ ಪ್ರಶ್ನೆ. ಕೈಯ ಕೆಲಸದ ಮಾತು ಎಲ್ಲ ಲಿಪಿಗೂ ಸಲ್ಲುತ್ತದೆ ಎಂದು ನನ್ನ ಅನಿಸಿಕೆ, ಆದರೆ ಕನ್ನಡದ ಹೊರೆ ಬೇರೆ. 34 ವ್ಯಂಜನಕ್ಕೆ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ, ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಮೇಲೆಯೇ ಕೆಲಸ ಮಾಡಿರುವ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ಅಂದ ಮೇಲೆ ಯುಕೆಜಿಯಲ್ಲಿ ಪುಟ ತುಂಬಿಸುವ ಅವಸರ ಯಾಕೆ?

ನಲಿಕಲಿ ಗುರು, ಹಾನಗಲ್ಲ

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ ಎನ್ನುತ್ತದೆ. ಮೂರು ವರ್ಷ ಆಟದ ಪೂರ್ವ ಪ್ರಾಥಮಿಕ, ಜೊತೆಗೆ ಒಂದು, ಎರಡನೆಯ ತರಗತಿ.

ಬ್ಯಾಡಗಿ ಖಾರ

ನಮ್ಮ ರಾಜ್ಯ ಸರಕಾರ ಅದನ್ನು ಬೇಡ ಎಂದಿದೆ.

ನಲಿಕಲಿ ಗುರು, ಹಾನಗಲ್ಲ

ನೀತಿ ಬೇಡ ಎಂದಿದೆ, ಮಗುವಿನ ಬೆರಳು ಬದಲಾಗಿಲ್ಲ.

ಅಂಗನವಾಡಿ ಅಕ್ಕ, ಕುಂದಗೋಳ

ತಿದ್ದುವುದನ್ನು ಪೂರ್ತಿ ಬಿಡಬೇಕಿಲ್ಲ. ಅಕ್ಷರ ಎಲ್ಲಿಂದ ಶುರು, ಯಾವ ಕಡೆ ಸುತ್ತು ಎಂದು ತಿಳಿಸಲು ಬೆರಳಿನಿಂದ ಎರಡು ಸಲ ತಿದ್ದಿಸುತ್ತೇನೆ. ಮಾಂಟೆಸೊರಿಯವರು ಉಪ್ಪು ಕಾಗದದ ಅಕ್ಷರ ಮಾಡಿದ್ದು ಇದಕ್ಕೇ ಅಲ್ಲವೇ? ಬೆರಳು ಒರಟನ್ನು ಹಿಡಿದು ದಾರಿ ಕಲಿಯುತ್ತದೆ. ನಾನು ರಟ್ಟಿನ ಮೇಲೆ ಅಂಟು ಹಚ್ಚಿ ಮರಳು ಉದುರಿಸಿ ಮಾಡಿಕೊಂಡಿದ್ದೇನೆ. ಆಮೇಲೆ ಅದನ್ನು ಮುಚ್ಚಿಟ್ಟು ತಾವೇ ಬಿಡಿಸಬೇಕು.

ಗದಗಿನ ಡ್ರಾಯಿಂಗ್ ಮಾಸ್ತರ

ಶಿಕ್ಷಕಿಯರಿಗೆ ಒಂದು ಕಟು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನೀವು ಹಲಗೆಯ ಮೇಲೆ ಚೆಂದದ ಗಂಟೆ ಬಿಡಿಸಿದರೆ ಮಕ್ಕಳು ನಿಮ್ಮ ಗಂಟೆಯನ್ನು ನಕಲು ಮಾಡುತ್ತಾರೆ. ಅದು ತಿದ್ದುವುದರ ತಮ್ಮ. ಆಮೇಲೆ "ನನಗೆ ಬರುವುದಿಲ್ಲ, ನೀವೇ ಬಿಡಿಸಿಕೊಡಿ" ಎಂಬ ರಾಗ ಶುರುವಾಗುತ್ತದೆ. ಅಕ್ಷರ ಮಾತ್ರ ಬರೆಯಿರಿ, ಚಿತ್ರವನ್ನು ಅವರಿಗೆ ಬಿಡಿ. ಗ ಆನೆಯ ಕಾಲಾದರೂ ಆಗಲಿ, ಆದರೆ ಬಾಯಲ್ಲಿ ಗ ಎನ್ನುತ್ತ ಬಿಡಿಸಲಿ. ಮೌನವಾಗಿ ಬಣ್ಣ ತುಂಬಿದರೆ ಅದು ಚಿತ್ರಕಲೆ, ಅಕ್ಷರ ಕಲಿಕೆ ಅಲ್ಲ. ಧ್ವನಿ, ಆಕಾರ, ಕೈ ಮೂರೂ ಒಂದೇ ಹೊತ್ತಿಗೆ ದುಡಿಯಬೇಕು.

ಬ್ಯಾಡಗಿ ಖಾರ

ಈ ಇಡೀ ಚರ್ಚೆಯಲ್ಲಿ ನಾನು ತಕರಾರಿಲ್ಲದೆ ಒಪ್ಪುವ ಮೊದಲ ಮಾತು.

ಹಳೇ ಹುಬ್ಬಳ್ಳಿ ಅಮ್ಮಿ

ಆನೆಯ ಕಾಲು ಗ ಆದರೆ ಮತ್ತೆ ಗೊಂದಲ ಅಲ್ಲವೇ ಮಾಸ್ತರರೇ? ಆಕಾರ, ಧ್ವನಿ ಕೂಡಬೇಕು ಎಂದು ಮೇಲೆ ಹೇಳಿದರು.

ಗದಗಿನ ಡ್ರಾಯಿಂಗ್ ಮಾಸ್ತರ

ಸರಿಯಾಗಿ ಹಿಡಿದಿರಿ. ಮೊದಲ ಪರಿಚಯ ಗಂಟೆ ಅಥವಾ ಗವಿಯಿಂದಲೇ ಆಗಲಿ, ಅದು ಶಿಕ್ಷಕಿಯ ಆಯ್ಕೆ. ಅಕ್ಷರ ಗಟ್ಟಿಯಾದ ಮೇಲೆ ಮಗುವಿನ ಕೈಯಲ್ಲಿ ಅದು ಏನಾದರೂ ಆಗಬಹುದು.

ಪಾಟಿಬಳಪ, ಧಾರವಾಡ

ಪಾಲಕರ ವಿಷಯಕ್ಕೆ ನಾನು ಮಾಡಿದ್ದು ಇಷ್ಟು. ಪ್ರತಿ ಮಗುವಿನ ಚಿತ್ರಗಳನ್ನು ತಾರೀಖು ಹಾಕಿ ಒಂದು ಕಡತದಲ್ಲಿ ಇಡುತ್ತಿದ್ದೇನೆ. ಹಾಳೆಯ ಹಿಂದೆ ಯಾವ ಅಕ್ಷರ, ಚಿತ್ರ ಮುಚ್ಚಿ ತೋರಿಸಿದಾಗ ಓದಿತೋ ಇಲ್ಲವೋ ಎಂದು ಬರೆಯುತ್ತೇನೆ. ಶನಿವಾರ ಕೆಲವು ತಾಯಂದಿರನ್ನು ಕರೆದು, ಅವರ ಮಗುವಿಗೆ ಬರೀ ಅಕ್ಷರದ ಚೀಟಿ ಕೊಟ್ಟು ಅವರೆದುರೇ ಓದಿಸಿದೆ. ಬರೆದ ಪುಟ ಕೇಳಿದ ತಾಯಿ ಚೀಟಿಗಳನ್ನು ಕಲಸಿ ತಾವೇ ಮತ್ತೊಮ್ಮೆ ಪರೀಕ್ಷೆ ಮಾಡಿದರು. ಸ ಮತ್ತು ನ ನಡುವೆ ಮಗು ತಡವರಿಸಿತು, ಉಳಿದದ್ದು ಹೇಳಿತು. ಅವರು ಪೂರ್ತಿ ಒಪ್ಪಿದ್ದಾರೆ ಎನ್ನಲಾರೆ. ವಾರಕ್ಕೆ ಒಂದು ಪುಟವಾದರೂ ಬರೆಯಿಸಿ ಎಂದು ಹೇಳಿ ಹೋಗಿದ್ದಾರೆ.

ಕೇಶ್ವಾಪುರದ ಅಪ್ಪ

ಆ ತಾಯಿ ಕೇಳಿದ್ದು ಸರಿ, ವಾರಕ್ಕೆ ಒಂದು ಪುಟ ಇರಲಿ. ನಿನ್ನೆ ರಾತ್ರಿ ನಾನೂ ಮಗಳ ಪುಸ್ತಕದ ಚಿತ್ರಗಳಿಗೆ ಕಾಗದ ಅಂಟಿಸಿ ಓದಿಸಿ ನೋಡಿದೆ. ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ನನ್ನದು ಝೆರಾಕ್ಸ್ ಅಂಗಡಿ, ಒಂದು ಬದಿ ಹಾಳಾದ ಹಾಳೆಗಳು ರಾಶಿ ಬೀಳುತ್ತವೆ. ಅಂಗನವಾಡಿ ಅಕ್ಕನವರಿಗೆ ಬೇಕಿದ್ದರೆ ಕುಂದಗೋಳದ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಅಂಗನವಾಡಿ ಅಕ್ಕ, ಕುಂದಗೋಳ

ಕಳಿಸಿ ಅಣ್ಣಾ. ದೊಡ್ಡ ಅಳತೆಯವು ಇದ್ದರೆ ಇನ್ನೂ ಒಳ್ಳೆಯದು. ಯಾರದಾದರೂ ಆಧಾರ್ ಪ್ರತಿ ಹಿಂದೆ ಇರದಂತೆ ನೋಡಿಕೊಳ್ಳಿ.

ಚುಕ್ಕಿ ರಂಗೋಲಿ, ಮಾಳಮಡ್ಡಿ

ಕೊನೆಗೊಂದು ಅನುಮಾನ. ಣ, ಳ ಇವುಗಳಿಂದ ಶುರುವಾಗುವ ಪದವೇ ಮಗುವಿಗೆ ಸಿಗುವುದಿಲ್ಲ. ಅದಕ್ಕೆ ಏನು ಬಿಡಿಸುವುದು?

ನಲಿಕಲಿ ಗುರು, ಹಾನಗಲ್ಲ

ಪದದ ಕೊನೆಯಲ್ಲಿ ಹಿಡಿಯಿರಿ. ಹಣ, ಗಣಗಣ, ಕೊಳ, ಗಳಗಳ. ಗ ಗೊತ್ತಿರುವ ಮಗುವಿಗೆ ಗಣಗಣ ಬರೆದುಕೊಟ್ಟರೆ ಮತ್ತೆ ಗಂಟೆಯನ್ನೇ ಬಿಡಿಸುತ್ತದೆ, ಈ ಸಲ ಪಕ್ಕದಲ್ಲಿ ಣ ಕೂತಿರುತ್ತದೆ. ಙ, ಞ ಎರಡನ್ನೂ ಸದ್ಯಕ್ಕೆ ಅಜ್ಜಿಯ ಬಾಯಿಪಾಠಕ್ಕೆ ಬಿಟ್ಟುಬಿಡಿ.

ರೊಟ್ಟಿ ಪಲ್ಯ

ಳ ಅಕ್ಷರಕ್ಕೆ ಜೋಳ. ಅಲ್ಲಿಂದ ರೊಟ್ಟಿಗೆ ಒಂದೇ ಹೆಜ್ಜೆ, ಖಾರದವರೇ.